ಹಾರುವ ಹೊತ್ತು, ತಲುಪುವ ಹೊತ್ತು

ಶಿವಮೊಗ್ಗದಿಂದ ಬೆಂಗಳೂರು ಎಷ್ಟು ದೂರ? ರೈಲುಹಳಿಯ ಲೆಕ್ಕದಲ್ಲಿ ಸುಮಾರು 275 ಕಿ.ಮೀ. ಸೋಗಾನೆಯ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. 2023ರ ಫೆಬ್ರವರಿಯಲ್ಲಿ ಸೋಗಾನೆಯ ನಿಲ್ದಾಣ ಉದ್ಘಾಟನೆಗೊಂಡು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ನಿಯಮಿತ ವಿಮಾನ ಬಂದಿಳಿದಾಗ, ರಾಜಧಾನಿ ಇನ್ನು ಒಂದೇ ಗಂಟೆಯ ದಾರಿ ಎಂದು ಸಂಭ್ರಮಿಸಿದವರು ಅನೇಕರು. ಈ ಒಂದು ಗಂಟೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳಿತು.

ಅಂದು ಬಂದ ಎಟಿಆರ್-72 ಮಾದರಿಯ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರಬಲ್ಲದು. ಆ ಲೆಕ್ಕಕ್ಕೆ 240 ಕಿ.ಮೀ. ಅರ್ಧ ಗಂಟೆಯ ಹಾದಿ. ಆದರೆ ವೇಳಾಪಟ್ಟಿಯಲ್ಲಿ ಅದು ಗಂಟೆಗೂ ಮಿಗಿಲು. ನಿಂತ ಜಾಗ ಬಿಟ್ಟು ಓಡುದಾರಿಗೆ ಸಾಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಮತ್ತೆ ತಂಗುದಾಣ ಸೇರುವುದು ಇವೆಲ್ಲವೂ ಅದರಲ್ಲಿ ಸೇರಿರುತ್ತವೆ. ಇದಕ್ಕೆ ಪ್ರಯಾಣಿಕನ ಪಾಲಿನ ಹೊತ್ತನ್ನೂ ಕೂಡಿಸಬೇಕು. ಶಿವಮೊಗ್ಗದ ಮನೆಯಿಂದ ಸೋಗಾನೆಗೆ ಅರ್ಧ ಗಂಟೆ. ತಪಾಸಣೆಗಾಗಿ ಕನಿಷ್ಠ ಒಂದು ಗಂಟೆ ಮುಂಚಿತವಾಗಿ ಹಾಜರಿ. ಇಳಿದ ಮೇಲೆ ದೇವನಹಳ್ಳಿಯಿಂದ ನಗರದ ನಡುಭಾಗಕ್ಕೆ ಮತ್ತೆ ಗಂಟೆ, ಒಂದೂವರೆ ಗಂಟೆ. ಒಟ್ಟು ನಾಲ್ಕು ಗಂಟೆಗಳ ಆಸುಪಾಸು. ಜನಶತಾಬ್ದಿ ರೈಲು ಸುಮಾರು ನಾಲ್ಕೂವರೆ ಗಂಟೆಯಲ್ಲಿ ನಗರದೊಳಗೇ ಇಳಿಸುತ್ತದೆ. ತೀರ್ಥಹಳ್ಳಿಯವರಾಗಲಿ ಹೊಸನಗರದವರಾಗಲಿ ಎರಡಕ್ಕೂ ಮೊದಲು ಶಿವಮೊಗ್ಗವನ್ನೇ ಮುಟ್ಟಬೇಕು.

ಉಳಿಯುವ ಈ ಅಲ್ಪ ಸಮಯಕ್ಕೆ ತೆರುವ ಬೆಲೆ ಟಿಕೆಟಿನದು ಮಾತ್ರವಲ್ಲ. ವಿಮಾನವು ಮೇಲೇರುವಾಗಲೇ ಅತಿ ತೀವ್ರವಾಗಿ ಇಂಧನ ಸುಡುತ್ತದೆ. ದೂರದ ಪಯಣದಲ್ಲಿ ಆ ಖರ್ಚು ಹಂಚಿಹೋಗುತ್ತದೆ, 240 ಕಿ.ಮೀ.ಗೆ ಹಂಚಿಹೋಗುವಷ್ಟು ದಾರಿಯೇ ಇಲ್ಲ. ರೈಲು ಎರಡೂವರೆ ಗಂಟೆಯೊಳಗೆ ತಲುಪಿಸುವ ಕೆಲವು ಮಾರ್ಗಗಳಲ್ಲಿ ಫ್ರಾನ್ಸ್ 2023ರಲ್ಲಿ ವಿಮಾನಗಳನ್ನೇ ನಿಲ್ಲಿಸಿತು. ನಮ್ಮ ರೈಲು ಅಷ್ಟು ವೇಗದ್ದಲ್ಲ, ನಿಜ. ಹಾಗಿದ್ದರೆ ನಾವು ಕೇಳಬೇಕಾದುದು ವೇಗದ ರೈಲನ್ನಲ್ಲವೇ?

ಇನ್ನೊಂದು ಅಳತೆಯೂ ಮಲೆನಾಡಿನಲ್ಲಿದೆ. ಸೋಗಾನೆಯ ಓಡುದಾರಿಯ ಉದ್ದ 3.2 ಕಿ.ಮೀ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯ ಉದ್ದ ಸುಮಾರು 2.4 ಕಿ.ಮೀ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಈ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನಾಡಿಗೆ ಬೆಳಕು ಕೊಟ್ಟು ತಾವು ದ್ವೀಪವಾಸಿಗಳಾದ ತುಮರಿ ಸೀಮೆಯ ಜನ, ರಾತ್ರಿ ಲಾಂಚ್ ನಿಂತ ಮೇಲೆ ರೋಗಿಯನ್ನು ಸುತ್ತುದಾರಿಯಲ್ಲಿ ಒಯ್ಯುತ್ತ ಅರುವತ್ತು ವರುಷ ಕಳೆದರು. ಅವರ ಪಾಲಿಗೆ ದೂರವೆಂದರೆ ಆ ಎರಡೂವರೆ ಕಿಲೋಮೀಟರ್ ನೀರು.

ವಿಮಾನವೇ ಬೇಡವೆಂಬುದು ನನ್ನ ವಾದವಲ್ಲ. ತುರ್ತು ಚಿಕಿತ್ಸೆಗೆ, ದೂರದ ನಗರಗಳಿಗೆ ಅದರ ಉಪಯೋಗವಿದೆ. ಆದರೆ ದೂರವನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯುವ ಯೋಜನೆ ನಮ್ಮ ಅಂಗಳವನ್ನು ಕಾಣದು. ವಿದ್ಯಾರ್ಥಿ ಮಿತ್ರರು ತಮ್ಮ ಊರಿನಿಂದ ಆಸ್ಪತ್ರೆಗೆ, ಕಾಲೇಜಿಗೆ, ರೈಲು ನಿಲ್ದಾಣಕ್ಕೆ ಮಳೆಗಾಲದಲ್ಲಿ ತಗಲುವ ಹೊತ್ತನ್ನು ಬರೆದಿಡಲಿ. ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡೋಣ. ಮಲೆನಾಡಿನ ನಿಜವಾದ ದೂರ ಅದರಲ್ಲಿದೆ.