ನಡುಕದ ನಡುವೆ ನಗೆ

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ಕಂಪವಾತದಲ್ಲಿ ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ. ಆದರೆ ಮುಖದ ಸ್ನಾಯುಗಳು ಬಿಗಿದು ಒಳಗಿನ ನಗೆ ಹೊರಗೆ ಮೂಡದಿದ್ದರೆ, ಮನೆಯವರೂ ಅದನ್ನು ಮುನಿಸೆಂದೇ ಬಗೆಯುತ್ತಾರೆ. ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಗೆ ಕುಂಚದ ಒಂದು ಗೆರೆ ನಗೆಯನ್ನು ಕೊಡುತ್ತದೆ. ಈ ರೋಗಿಗೆ ಆ ಗೆರೆಯನ್ನು ಮಾತೇ ಎಳೆಯಬೇಕು. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಗೆ ಬರವುಂಟು; ಗಂಗಾವತಿಯ ಪ್ರಾಣೇಶರಂತಹ ನಗೆಮಾತುಗಾರರ ಈ ಸೀಮೆಯಲ್ಲಿ ವಿನೋದಕ್ಕೆ ಬರವಿಲ್ಲ. ಚಹಾ ಚೆಲ್ಲಿದಾಗ ‘ಬಸಿಗೂ ನೀರಡಿಕೆಯಾಗಿತ್ತು’ ಎಂದು ರೋಗಿಯೇ ನುಡಿದರೆ ಮನೆಯ ಬಿಗುವು ಸಡಿಲುತ್ತದೆ. ನೆರೆಯವರು ನುಡಿದರೆ ಅದು ಕುಹಕ. ನಗೆಯು ಮಿದುಳಿನಲ್ಲಿ ಕುಂದಿದ ಡೋಪಮಿನನ್ನು ತುಂಬಿಕೊಡದು. ಅದಕ್ಕೆ ಹೊತ್ತು ತಪ್ಪದೆ ಔಷಧ ಬೇಕು. ಧ್ವನಿಯೂ ಕುಗ್ಗುವುದರಿಂದ, ಆ ವಿನೋದವನ್ನು ಆಲಿಸಲು ಬಂಧುಗಳು ಹತ್ತಿರ ಕುಳಿತು ಕೊಂಚ ಕಾಯಬೇಕು.