ಕಾಗದ ಇಲ್ಲಂದ್ರ ಗಾಯಾನೂ ಇಲ್ಲೇನು?

ಸರ್ವರ್ ಬಿದ್ದೈತಿ, ಲಾಗ್ ಸಿಕ್ಕಿಲ್ಲ. ಹಂಗಂತ "ಏನೂ ಆಗಿಲ್ಲ, ಟಿಕೆಟ್ ಕ್ಲೋಸ್ ಮಾಡ್ರಿ" ಅನ್ನೋ ಮ್ಯಾನೇಜರ್‌ನ ನೋಡಿ ನಾವು ನಗ್ತೀವಿ. ಸೇನೆಯ ಅಂಗವೈಕಲ್ಯ ಪಿಂಚಣಿಯಲ್ಲಿ ಇದೇ ಮಾತು ಒಬ್ಬರ ಬದುಕನ್ನೇ ಕ್ಲೋಸ್ ಮಾಡಬಲ್ಲದು.

ಕಾನೂನು ಚೊಲೋನೇ ಐತಿ. ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ದರೆ ಯೋಧ ಆರೋಗ್ಯವಾಗಿದ್ದನೆಂದೇ ಭಾವಿಸಬೇಕು, ಸಾಬೀತಿನ ಹೊರೆ ಅವನ ಮೇಲಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲೇ ಹೇಳಿತು. ಅದು ಮೂರ್ಛೆರೋಗದ ಕೇಸು. ಮನಸ್ಸಿನ ಕಾಯಿಲೆಗೆ ಬಂದಾಗ ದಾರಿ ಡೊಂಕು. ಸೇರುವಾಗ ಸ್ಕಿಜೋಫ್ರೇನಿಯಾ ಕಾಣಲಿಲ್ಲ ಅಂದಮಾತ್ರಕ್ಕೆ ಸೇವೆಯೇ ಕಾರಣವೆನ್ನಲಾಗದು ಎಂದು 2019ರ ನರಸಿಂಗ್ ಯಾದವ್ ತೀರ್ಪು. ವೈದ್ಯಕೀಯ ಮಂಡಳಿ ಕಾರಣ ಬರೆಯದೆ ಪಿಂಚಣಿ ನಿರಾಕರಿಸುವಂತಿಲ್ಲ ಎಂದು 2025ರ ರಾಜುಮೋನ್ ತೀರ್ಪು. ಇವ್ಯಾವೂ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲ.

ಈಗ ಯೋಚಿಸ್ರಿ. ಕೈಮಾಡಿದವನು ಮೇಲಧಿಕಾರಿ, ದೂರು ಹೋಗಬೇಕಾದ್ದೂ ಅವನ ಸಾಲಿನೊಳಗೇ. ದೂರಿಲ್ಲ, ಆಸ್ಪತ್ರೆಯ ಚೀಟಿ ಇಲ್ಲ. ವರ್ಷಗಳ ನಂತರ ಫೈಲಿನಲ್ಲಿ ಉಳಿಯೋದು ಎರಡೇ ಮಾತು: "ಖಿನ್ನತೆ, ಪೀಸ್ ಸ್ಟೇಷನ್." ಗುಂಡು ಹಾರದ ಜಾಗದಾಗ ಒತ್ತಡ ಎಲ್ಲಿಂದ ಬಂತು ಅಂತ ಮಂಡಳಿ ಕೇಳಿದರೆ ಉತ್ತರ ಯಾವ ಕಾಗದದಲ್ಲಿ ಹುಡುಕೋದು?

ಅಮೆರಿಕ 2002ರಲ್ಲೇ ಇದಕ್ಕೆ ನಿಯಮ ಬರೆಯಿತು. ದೂರಿನ ದಾಖಲೆ ಇಲ್ಲದಿದ್ದರೆ ಬೇರೆ ಗುರುತು ನೋಡಬೇಕು: ದಿಢೀರ್ ವರ್ಗಾವಣೆ ಕೇಳಿದ್ದು, ಕೆಲಸ ಕುಸಿದದ್ದು, ಕುಡಿತಕ್ಕೆ ಬಿದ್ದದ್ದು, ಗರ್ಭ ಪರೀಕ್ಷೆ, ಮನೆಯವರಿಗೋ ರೂಮ್‌ಮೇಟ್‌ಗೋ ಹೇಳಿಕೊಂಡದ್ದು. ಇಂಥ ಸಾಕ್ಷ್ಯ ಕೊಡಬಹುದು ಅಂತ ಮೊದಲು ತಿಳಿಸದೆ ಅರ್ಜಿ ತಿರಸ್ಕರಿಸುವಂತಿಲ್ಲ. ಅಲ್ಲೂ ಎಲ್ಲ ಸರಿಹೋಗಿಲ್ಲ. ಆದರೆ ಏನು ನೋಡಬೇಕು ಅನ್ನೋದಾದ್ರೂ ಬರಹದಲ್ಲೈತಿ.

"ಸುಳ್ಳು ಕ್ಲೇಮ್ ಬಂದ್ರ?" ಬರಲಿ, ಪರಿಶೀಲಿಸ್ರಿ. ಪಿಂಚಣಿ ಅಂದ್ರ ಶಿಕ್ಷೆ ಅಲ್ಲ, ಯಾರೂ ಜೈಲಿಗೆ ಹೋಗೋದಿಲ್ಲ. ಅತ್ಯಾಚಾರದ ಆರೋಪಿಯನ್ನು ಶಿಕ್ಷಿಸಲು ಬೇಕಾದಷ್ಟು ಸಾಕ್ಷ್ಯವನ್ನು ಮಾತ್ರೆಗೆ ದುಡ್ಡು ಕೇಳೋರಿಂದ ಕೇಳೋದು ಯಾವ ನ್ಯಾಯ?

ಇದು ದೂರದ ಸುದ್ದಿ ಅಲ್ಲ. ಮಿಲಿಟರಿ ಪೊಲೀಸ್ ಪಡೆಯ ಮೊದಲ ಮಹಿಳಾ ತಂಡ ತರಬೇತಿ ಮುಗಿಸಿದ್ದು 2021ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಸೈನಿಕ ಶಾಲೆಗಳ ಬಾಗಿಲೂ ಹೆಣ್ಣುಮಕ್ಕಳಿಗೆ ತೆರೆದೈತಿ. ಮೋರಟಗಿ ಕಡೆ ನಸುಕಿನಾಗ ಎದ್ದು ರನ್ನಿಂಗ್ ಹೊಡೆಯೋ ಹುಡುಗರೂ ಇದರಿಂದ ಹೊರಗಿಲ್ಲ. ಗಂಡಸಿಗೆ ಹೀಗಾದ್ರ ಹೇಳಾಕ ನಮ್ಮ ಊರಾಗ ಸರಿಯಾದ ಮಾತೇ ಇಲ್ಲ. ಅಗ್ನಿವೀರನಿಗಂತೂ ಪಿಂಚಣಿಯೇ ಇಲ್ಲ. ಅಂಗವೈಕಲ್ಯದ ಇಡಿಗಂಟು ಬರೋದೂ "ಸೇವೆಯಿಂದಾದದ್ದು" ಅಂತ ಮಂಡಳಿ ಒಪ್ಪಿದ ಮ್ಯಾಲೇ.

ಯೋಧರಿಗೆ ಸ್ಟೇಟಸ್‌ನಾಗ ಸೆಲ್ಯೂಟ್ ಹೊಡೆದದ್ದು ಸಾಕು. ಪರೋಕ್ಷ ಸಾಕ್ಷ್ಯದ ಪಟ್ಟಿ ನಮ್ಮ ನಿಯಮದಲ್ಲೂ ಅಚ್ಚಾಗಲಿ, ಮಂಡಳಿಯಲ್ಲಿ ಇಂಥ ಆಘಾತ ಬಲ್ಲ ಮನೋವೈದ್ಯರು ಕೂರಲಿ ಅಂತ ನಿಮ್ಮ ಸಂಸದರಿಗೆ ಒಂದು ಮೇಲ್ ಹಾಕ್ರಿ. ನಮಗ ಅದು ಐದು ನಿಮಿಷದ ಕೆಲಸ.