ಗುಂಡ್ಲುಪೇಟೆಗೆ ಐರೇನ್ ಬಳ್ಳಿಯ ಪಾಠ

ಗುಂಡ್ಲುಪೇಟೆಯ ರೈತರಿಗೆ ಸ್ಪೇನಿನ ಐರೇನ್ ದ್ರಾಕ್ಷಿಯ ಹೆಸರು ತಿಳಿದಿರಲಿಕ್ಕಿಲ್ಲ. ಆದರೆ ಅಂತರ್ಜಲದ ಅತಿಬಳಕೆಯಾಗಿರುವ ತಾಲ್ಲೂಕುಗಳ ಪಟ್ಟಿಯಲ್ಲಿ ಗುಂಡ್ಲುಪೇಟೆ, ಚಾಮರಾಜನಗರಗಳು ಸೇರಿದ ಮೇಲೆ, ಆ ಬಿಳಿ ದ್ರಾಕ್ಷಿಯ ಕತೆ ನಮ್ಮದೂ ಆಗಿದೆ.

ಐರೇನ್ ಮಧ್ಯ ಸ್ಪೇನಿನ ಲಾ ಮಾಂಚಾ ಬಯಲಿನ ತಳಿ. ಅಲ್ಲಿ ಮಳೆ ಕಡಿಮೆ, ಬಿಸಿಲು ಪ್ರಖರ. ಆದ್ದರಿಂದ ರೈತರು ಚಪ್ಪರ ಹಾಕದೆ, ನೀರು ಹಾಯಿಸದೆ, ಗಿಡದಿಂದ ಗಿಡಕ್ಕೆ ಸುಮಾರು ಎರಡೂವರೆ ಮೀಟರ್ ಅಂತರ ಬಿಟ್ಟು ಕುಳ್ಳ ಪೊದೆಗಳಾಗಿ ಅದನ್ನು ಬೆಳೆಸಿದರು. ಅದರ ವೈನ್ ಸಪ್ಪೆಯೆಂದು ರಸಿಕರು ಮೂಗು ಮುರಿದರೂ ಬ್ರಾಂದಿ ತಯಾರಕರು ಕೊಳ್ಳುತ್ತಿದ್ದರು. 2000ದಲ್ಲಿ ಜಗತ್ತಿನ ವೈನ್ ದ್ರಾಕ್ಷಿಗಳಲ್ಲೇ ಅತಿ ಹೆಚ್ಚು ವಿಸ್ತೀರ್ಣ ಅದರದಾಗಿತ್ತು: 3.8 ಲಕ್ಷ ಹೆಕ್ಟೇರಿಗೂ ಅಧಿಕ. 2010ರ ವೇಳೆಗೆ ಅದು ಸುಮಾರು 2.5 ಲಕ್ಷಕ್ಕೆ ಕುಸಿಯಿತು.

ಈ ಕುಸಿತಕ್ಕೆ ಕಾರಣ ಬರವಲ್ಲ, ಸರ್ಕಾರಿ ನೀತಿ. ದ್ರಾಕ್ಷಿಗೆ ನೀರುಣಿಸುವುದರ ಮೇಲಿದ್ದ ನಿಷೇಧವನ್ನು ಸ್ಪೇನ್ 1996ರಲ್ಲಿ ತೆಗೆದುಹಾಕಿತು. 2000ದಿಂದ ಐರೋಪ್ಯ ಒಕ್ಕೂಟ ಮರುನಾಟಿಗೆ ಸಹಾಯಧನ ನೀಡಿತು. ಹಳೆಯ ಪೊದೆಗಳ ಜಾಗದಲ್ಲಿ ಬೇಡಿಕೆಯಿರುವ ತಳಿಗಳು ಹನಿ ನೀರಾವರಿಯೊಂದಿಗೆ ಬಂದವು. ಇತರ ನೀರಾವರಿ ಬೆಳೆಗಳಿಂದ ಆಗಲೇ ಬಸವಳಿದಿದ್ದ ಅಂತರ್ಜಲಕ್ಕೆ ಇದು ಹೊಸ ಹೊರೆ. 2009ರಲ್ಲಿ ಅಲ್ಲಿನ ದೈಮಿಯೆಲ್ ರಾಷ್ಟ್ರೀಯ ಉದ್ಯಾನದ ಜೌಗು ಒಣಗಿ ನೆಲದೊಳಗೇ ಬೆಂಕಿ ಹೊತ್ತಿಕೊಂಡಿತು.

ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಗುಂಡ್ಲುಪೇಟೆಯ ಐರೇನ್ ಎಂದರೆ ಜೋಳ, ರಾಗಿ, ಹುರುಳಿ. ಕೊಳವೆಬಾವಿ ಬಂದ ಮೇಲೆ ಅರಿಶಿನ, ಬಾಳೆ, ಟೊಮೆಟೊ ಹೊಲಗಳನ್ನು ಆವರಿಸಿದವು. ಇದಕ್ಕೆ ರೈತರನ್ನು ದೂರುವುದು ಅನ್ಯಾಯ. ಹುರುಳಿ ಬೆಳೆದು ಮಗಳ ಮದುವೆ ಮಾಡಲಾಗದವನು ಅರಿಶಿನಕ್ಕೆ ತಿರುಗಿದರೆ ಅದು ದುರಾಸೆಯಲ್ಲ. ಕಬಿನಿ ನೀರಿನಿಂದ ಕೆರೆ ತುಂಬಿಸುವ ಯೋಜನೆ ಸ್ವಾಗತಾರ್ಹವೇ. ಆದರೆ ತುಂಬಿದ ಕೆರೆಯನ್ನು ನಂಬಿ ಇನ್ನಷ್ಟು ಕೊಳವೆಬಾವಿ ಕೊರೆದರೆ ಲಾಭವೇನು?

ನೀರು ಬೇಡದ ಬೆಳೆಗೆ ಕೊಳ್ಳುವವರು ಬೇಕು. ಐರೇನ್ ಅಷ್ಟು ಕಾಲ ಉಳಿದದ್ದು ಭಟ್ಟಿಗಳು ಕೊಂಡದ್ದರಿಂದ. ನಮ್ಮಲ್ಲಿ ರಾಗಿ, ಜೋಳಕ್ಕೆ ಬೆಂಬಲ ಬೆಲೆಯಿದೆ. ಹುರುಳಿಗೆ ಅದೂ ಇಲ್ಲ. ಬಿಸಿಯೂಟಕ್ಕೆ, ವಿದ್ಯಾರ್ಥಿನಿಲಯಗಳಿಗೆ ಈ ಧಾನ್ಯಗಳನ್ನು ಸುತ್ತಲಿನ ರೈತರಿಂದಲೇ ಖಚಿತ ಬೆಲೆಗೆ ಕೊಳ್ಳಬಹುದು. ನೀರು ಉಳಿಸಿರೆಂಬ ಉಪದೇಶಕ್ಕಿಂತ ಬಿತ್ತನೆಗೆ ಮೊದಲೇ ಘೋಷಿಸಿದ ಬೆಲೆಯನ್ನು ರೈತ ಬೇಗ ನಂಬುತ್ತಾನೆ.